ಊರಿಗೆ ಮೊದಲು ಯಾವುದು: ಕ್ರೀಡಾಂಗಣವೋ, ಕುಡಿಯುವ ನೀರೋ?

ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರಿಕೆಟ್ ಕ್ರೀಡಾಂಗಣವುಳ್ಳ ದೊಡ್ಡ ಕ್ರೀಡಾ ಸಂಕೀರ್ಣಕ್ಕೆ ರಾಜ್ಯ ಸರ್ಕಾರ 2025ರಲ್ಲಿ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಬಳ್ಳಾರಿಯ ಚಹಾದಂಗಡಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ನಮ್ಮೂರಿಗೂ ಅಂಥದ್ದೊಂದು ಬೇಕ್ರೀ" ಎನ್ನುವುದು ಒಂದು. "ಮೊದ್ಲು ನಲ್ಲಿಗೆ ನೀರು ಬಿಡ್ರೀ, ಆಮೇಲೆ ಸ್ಟೇಡಿಯಂ ಕಟ್ರಿ" ಎನ್ನುವುದು ಇನ್ನೊಂದು.

ಇದು ರಾಜಕಾರಣದ ವಿಷಯ, ಆರೋಗ್ಯದ ಅಂಕಣಕ್ಕೆ ಇದೇಕೆ ಎಂದು ನೀವು ಕೇಳಬಹುದು. ಕ್ರೀಡಾಂಗಣ ಕೇಳುವವರು ಆರೋಗ್ಯದ ಹೆಸರಿನಲ್ಲೇ ಕೇಳುತ್ತಾರೆ. ಬೇಡ ಎನ್ನುವವರೂ ಆರೋಗ್ಯದ ಹೆಸರಿನಲ್ಲೇ ಬೇಡ ಎನ್ನುತ್ತಾರೆ. ಆದ್ದರಿಂದ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ವೈದ್ಯನ ಕೆಲಸವೂ ಹೌದು.

ವೈದ್ಯರು ಸರದಿ ಗೊತ್ತುಮಾಡುವ ಬಗೆ

ದವಾಖಾನೆಗೆ ಒಂದೇ ಹೊತ್ತಿಗೆ ಮೂವರು ಬಂದರೆನ್ನಿ. ಒಬ್ಬನಿಗೆ ಉಸಿರು ಕಟ್ಟುತ್ತಿದೆ, ಇನ್ನೊಬ್ಬನ ಕೈಮೂಳೆ ಮುರಿದಿದೆ, ಮೂರನೆಯವನಿಗೆ ಮೈಯೆಲ್ಲ ತುರಿಕೆ. ಯಾರು ಮೊದಲು ಬಾಗಿಲು ದಾಟಿದರು, ಯಾರು ಜೋರಾಗಿ ಕೂಗುತ್ತಿದ್ದಾರೆ ಎಂಬುದನ್ನು ವೈದ್ಯ ನೋಡುವುದಿಲ್ಲ. ಉಸಿರು ಕಟ್ಟಿದವನನ್ನು ಮೊದಲು ನೋಡುತ್ತಾನೆ. ತುರಿಕೆಯವನ ಸಂಕಟ ಸುಳ್ಳೆಂದು ಇದರ ಅರ್ಥವಲ್ಲ. ಅವನ ಸರದಿ ಆಮೇಲೆ ಎಂದಷ್ಟೇ ಅರ್ಥ.

ಊರಿನ ಬೇಡಿಕೆಗಳನ್ನೂ ಹೀಗೆಯೇ ಸಾಲಾಗಿ ನಿಲ್ಲಿಸಬಹುದು. ಅದಕ್ಕೆ ಮೂರು ಪ್ರಶ್ನೆಗಳು ಸಾಕು. ಒಂದು, ಈ ಕೆಲಸ ಐದು ವರ್ಷ ತಡವಾದರೆ ಯಾರಿಗೆ ಏನಾಗುತ್ತದೆ? ಎರಡು, ಇದರಿಂದ ಪ್ರತಿದಿನ ಎಷ್ಟು ಜನರಿಗೆ ಉಪಯೋಗ? ಮೂರು, ಕಟ್ಟಿದ ಮೇಲೆ ವರ್ಷವರ್ಷವೂ ನಡೆಸುವ ಖರ್ಚು ಯಾರದು? ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಆಟ ಬೇಕೇ ಬೇಕು

ಮೊದಲು ಕ್ರೀಡೆಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟಾದರೂ ಶ್ರಮಪಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಷ್ಟನ್ನೂ ಮಾಡುತ್ತಿಲ್ಲ ಎಂದು 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತಿಳಿಸಿತು. ಗಂಡಸರಿಗಿಂತ ಹೆಂಗಸರ ಸ್ಥಿತಿ ಇನ್ನೂ ಕಷ್ಟ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಲೆಕ್ಕ ಕೊಟ್ಟಿತು.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ದಿನವಿಡೀ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂರುತ್ತಾರೆ. ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದಿಲ್ಲ. ಶಾಲೆ ಮುಗಿಸಿದ ಮಕ್ಕಳು ಟ್ಯೂಷನ್‌ಗೆ, ಅಲ್ಲಿಂದ ಮೊಬೈಲ್‌ಗೆ. ಇವರಿಗೆಲ್ಲ ಕೈಕಾಲು ಆಡಿಸಲು ಜಾಗ ಬೇಕು. ಓಡಾಡುವ ದೇಹದಲ್ಲಿ ಸಕ್ಕರೆ ಹತೋಟಿಗೆ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮೂಳೆ ಗಟ್ಟಿಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಇದರಲ್ಲಿ ಎರಡು ಮಾತಿಲ್ಲ.

ಆಟ ನೋಡುವುದೇ ಬೇರೆ, ಆಡುವುದೇ ಬೇರೆ

ಆದರೆ ಕ್ರೀಡಾಂಗಣ ಕಟ್ಟಿದರೆ ಜನ ಆಡುತ್ತಾರೆಯೇ? ಇಲ್ಲೇ ನಾವು ಎಡವುವುದು. ಒಲಿಂಪಿಕ್ಸ್ ನಡೆಸಿದ ದೇಶಗಳ ಅಂಕಿ ಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಷ್ಟು ದೊಡ್ಡ ಕ್ರೀಡಾಕೂಟ ನಡೆಸಿದರೂ ಆ ದೇಶಗಳ ಸಾಮಾನ್ಯ ಜನರ ವ್ಯಾಯಾಮ ಹೇಳಿಕೊಳ್ಳುವಷ್ಟು ಹೆಚ್ಚಾಗಲಿಲ್ಲ ಎಂಬುದು ಅದರ ಸಾರ. ಬ್ರೆಜಿಲ್ ದೇಶದ ಮನೌಸ್ ನಗರದಲ್ಲಿ 2014ರ ವಿಶ್ವಕಪ್ ಫುಟ್‌ಬಾಲಿಗಾಗಿ ಸುಮಾರು 44 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟಿದರು. ವಿಶ್ವಕಪ್‌ನ ನಾಲ್ಕು ಪಂದ್ಯಗಳು ಅಲ್ಲಿ ನಡೆದವು. ಆ ಊರಿನಲ್ಲಿ ಆಗ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ತಂಡವೇ ಇರಲಿಲ್ಲ. ಆಮೇಲೆ ಅದು ಬಿಳಿಯಾನೆ ಸಾಕಿದಂತಾಯಿತು.

ಒಂದು ಊಹೆಯ ಲೆಕ್ಕ ಮಾಡಿ ನೋಡೋಣ. ದೊಡ್ಡ ಕ್ರೀಡಾಂಗಣದಲ್ಲಿ ವರ್ಷಕ್ಕೆ 25 ಪಂದ್ಯಗಳು ನಡೆದವೆನ್ನಿ. ಪಂದ್ಯಕ್ಕೆ 22 ಆಟಗಾರರು, ತಲಾ ಮೂರು ಗಂಟೆ. ಒಟ್ಟು ಆಟದ ಹೊತ್ತು 1,650 ಗಂಟೆ. ಈಗ ಒಂದು ಬಡಾವಣೆಯ ಸಾದಾ ಮೈದಾನ ತೆಗೆದುಕೊಳ್ಳಿ. ಸಂಜೆ ನೂರು ಮಕ್ಕಳು ಒಂದು ಗಂಟೆ ಆಡುತ್ತಾರೆ, ವರ್ಷಕ್ಕೆ 300 ದಿನ. ಒಟ್ಟು 30 ಸಾವಿರ ಗಂಟೆ. ಒಂದು ಮೈದಾನದಿಂದಲೇ ಹದಿನೆಂಟು ಪಟ್ಟು! ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿದವರ ಸಕ್ಕರೆ ಇಳಿಯುವುದಿಲ್ಲ. ಸಮೋಸ ತಿಂದರೆ ಏರುತ್ತದೆ.

ಬಳ್ಳಾರಿಯಲ್ಲಿ ಕ್ರೀಡೆಗೆ ಜಾಗವೇ ಇಲ್ಲವೆಂದೂ ಅಲ್ಲ. ಜಿಲ್ಲಾ ಕ್ರೀಡಾಂಗಣವಿದೆ, ಮುನಿಸಿಪಲ್ ಮೈದಾನವಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ ಜಿಂದಾಲ್ ಸಂಸ್ಥೆಯವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ನಡೆಯುತ್ತಿದೆ. ಒಲಿಂಪಿಕ್ಸ್ ಚಿನ್ನ ಗೆದ್ದ ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ಅಂದರೆ ಗೋಪುರ ಜಿಲ್ಲೆಯಲ್ಲಿ ಆಗಲೇ ಇದೆ. ಇಲ್ಲದಿರುವುದು ತಳಪಾಯ, ಎಂದರೆ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಮೈದಾನ.

ಹ್ಯಾಂಬರ್ಗ್ ನಗರ ಕಲಿತ ಪಾಠ

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಜರ್ಮನಿಯ ಹ್ಯಾಂಬರ್ಗ್ ಶ್ರೀಮಂತ ಬಂದರು ನಗರ. ಅಲ್ಲಿ 1886ರಲ್ಲಿ ಭವ್ಯವಾದ ಪುರಭವನ ಕಟ್ಟಲು ಆರಂಭಿಸಿದರು. ಕುಡಿಯುವ ನೀರನ್ನು ಮಾತ್ರ ಎಲ್ಬ್ ನದಿಯಿಂದ ಸೋಸದೆಯೇ ಮನೆಗಳಿಗೆ ಬಿಡುತ್ತಿದ್ದರು. ನೀರು ಸೋಸುವ ಮರಳಿನ ಘಟಕ ಬೇಕೆಂದು ಬಲ್ಲವರು ಹೇಳುತ್ತಲೇ ಇದ್ದರು. ಖರ್ಚು ಯಾರು ಭರಿಸಬೇಕೆಂಬ ಚರ್ಚೆಯಲ್ಲಿ ವರ್ಷಗಳು ಕಳೆದವು.

1892ರ ಬೇಸಿಗೆಯ ಕೊನೆಗೆ ಕಾಲರಾ ಬಂತು. ಕೆಲವೇ ವಾರಗಳಲ್ಲಿ 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ, ಬೀದಿಯೊಂದರ ಆಚೆ, ಆಲ್ಟೋನಾ ಎಂಬ ಊರು. ಅದೂ ಅದೇ ನದಿಯ ನೀರನ್ನೇ ಕುಡಿಯುತ್ತಿತ್ತು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನು. ಆದರೆ ಆಲ್ಟೋನಾದವರು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದರು. ಅಲ್ಲಿ ಸತ್ತವರು ಬಹಳ ಕಡಿಮೆ. ಮರುವರ್ಷ, 1893ರಲ್ಲಿ, ಹ್ಯಾಂಬರ್ಗಿನ ಸೋಸುವ ಘಟಕ ಮುಗಿಯಿತು. ಪುರಭವನ ಕಟ್ಟಿದ್ದು ತಪ್ಪಲ್ಲ, ಅದು ಇಂದಿಗೂ ಆ ಊರಿನ ಹೆಮ್ಮೆ. ನೀರಿನ ಕೆಲಸವನ್ನು ಮುಂದೂಡಿದ್ದೇ ತಪ್ಪು. ನಮ್ಮ ಮೊದಲನೆಯ ಪ್ರಶ್ನೆ ನೆನಪಿದೆಯೇ? ತಡವಾದರೆ ಯಾರಿಗೆ ಏನಾಗುತ್ತದೆ?

ಬಳ್ಳಾರಿ ನಗರ: ಡ್ರಮ್ಮಿನೊಳಗಿನ ಜ್ವರ

ಈಗ ನಮ್ಮ ಊರುಗಳಿಗೆ ಬರೋಣ. ವಿಜಯನಗರ ಜಿಲ್ಲೆ 2021ರಲ್ಲಿ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಎಂಬ ಐದು ತಾಲ್ಲೂಕುಗಳು ಉಳಿದಿವೆ. 2011ರ ಜನಗಣತಿಯಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು.

ಇಷ್ಟು ಜನರಿಗೆ ಆಧಾರ ತುಂಗಭದ್ರೆ. ಕಾಲುವೆಯಲ್ಲಿ ಬಂದ ನೀರನ್ನು ಅಲ್ಲೀಪುರ ಮತ್ತು ಮೋಕಾದ ಕೆರೆಗಳಲ್ಲಿ ತುಂಬಿಟ್ಟುಕೊಂಡು ಊರಿಗೆ ಕೊಡುತ್ತಾರೆ. 133 ಟಿ.ಎಂ.ಸಿ. ನೀರು ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಬದುಕು ಎಷ್ಟು ಸಣ್ಣ ಸರಪಳಿಗೆ ನೇತುಬಿದ್ದಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ನಲ್ಲಿಗೆ ನೀರು ಹಲವು ದಿನಗಳಿಗೊಮ್ಮೆ ಬರುವುದು ಬಳ್ಳಾರಿಯವರಿಗೆ ಹೊಸತಲ್ಲ. ಇದು ಅನುಕೂಲ ಅನನುಕೂಲದ ಮಾತಷ್ಟೇ ಅಲ್ಲ, ರೋಗದ ಮಾತು. ಪೈಪಿನಲ್ಲಿ ಸದಾ ನೀರಿದ್ದರೆ ಅದರ ಒತ್ತಡ ಹೊರಗಿನ ಕೊಳೆಯನ್ನು ಒಳಗೆ ಬಿಡುವುದಿಲ್ಲ. ನೀರು ನಿಂತಾಗ ಪೈಪು ಬರಿದಾಗಿ, ಒಡಕಿದ್ದ ಕಡೆಯಿಂದ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮುಂದಿನ ಸಲ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಅದೇ. ವಾಂತಿ ಭೇದಿ, ಟೈಫಾಯಿಡ್, ಕಾಮಾಲೆ ಹರಡುವ ದಾರಿ ಇದು.

ಇನ್ನೊಂದು ದಾರಿ ಡ್ರಮ್ಮು. ನೀರು ಯಾವಾಗ ಬರುವುದೋ ಎಂದು ಪ್ರತಿ ಮನೆಯಲ್ಲೂ ಡ್ರಮ್ಮು, ತೊಟ್ಟಿ ತುಂಬಿಡುತ್ತಾರೆ. ಡೆಂಗೆ ಜ್ವರ ತರುವ ಈಡಿಸ್ ಸೊಳ್ಳೆಗೆ ಬೇಕಾದುದು ಇಂಥ ನಿಂತ ತಿಳಿನೀರೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ನೀರು ಬಿಡುವ ಅಂತರವೂ ಸೊಳ್ಳೆ ಬೆಳೆಯುವ ಅವಧಿಯೂ ಹೀಗೆ ಹೊಂದಿಕೊಂಡರೆ ಯಾವ ಹೊಗೆ ಹೊಡೆದೂ ಪ್ರಯೋಜನವಿಲ್ಲ. ದಿನವೂ ನೀರು ಕೊಡುವುದೇ ಇದಕ್ಕೆ ಮದ್ದು.

ಸಿರುಗುಪ್ಪ: ದೂರದ ಹಾದಿ

ಸಿರುಗುಪ್ಪ ಭತ್ತದ ನಾಡು. ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ವ್ಯಾಯಾಮದ ಕೊರತೆಯಿಲ್ಲ, ಅವರಿಗೆ ಕೊರತೆ ರಕ್ತದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ 48, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ರಕ್ತವಿಲ್ಲದ ಹುಡುಗಿಗೆ ಮೈದಾನ ಕೊಟ್ಟರೆ ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬಂದು ಕೂರುತ್ತಾಳೆ. ಕಬ್ಬಿಣದ ಮಾತ್ರೆ, ಜಂತುಹುಳುವಿನ ಔಷಧ, ಅಂಗನವಾಡಿಯ ಮೊಟ್ಟೆ ಇವು ಕೂಡ ಕ್ರೀಡಾ ಯೋಜನೆಯೇ ಎಂದು ನಾನು ಹೇಳುವುದು ಇದಕ್ಕೇ.

ಗದ್ದೆಯ ನೀರಿನಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಹುಟ್ಟುತ್ತವೆ. ಜಪಾನೀಸ್ ಮಿದುಳು ಜ್ವರ ಹರಡುವುದು ಇವುಗಳಿಂದ. ಬಳ್ಳಾರಿ ಜಿಲ್ಲೆ ಈ ರೋಗ ಕಾಣುವ ಜಿಲ್ಲೆಗಳ ಪಟ್ಟಿಯಲ್ಲಿದೆ. ಮಗುವಿಗೆ ಒಂಬತ್ತು ತಿಂಗಳಾದಾಗ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಮ್ಮೆ ಕೊಡುವ ಲಸಿಕೆಯನ್ನು ತಪ್ಪಿಸಬೇಡಿ.

ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು ದೂರ. ಹೃದಯಾಘಾತವಾದಾಗ ಮೊದಲ ಒಂದು ಗಂಟೆ ಬಂಗಾರದಂಥದು. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಏರ್ಪಾಡು ರಾಜ್ಯದಲ್ಲಾಗಿದೆ. ಇಂಥ ಯೋಜನೆ ಹಳ್ಳಿಯ ರೈತನನ್ನು ಮುಟ್ಟಬೇಕಾದರೆ ಆಂಬುಲೆನ್ಸ್ ಬೇಕು, ಗುಂಡಿಯಿಲ್ಲದ ರಸ್ತೆ ಬೇಕು, ಇ.ಸಿ.ಜಿ. ತೆಗೆಯುವ ಸಿಬ್ಬಂದಿ ರಾತ್ರಿಯೂ ಇರಬೇಕು.

ಕುರುಗೋಡು: ಹೊಸ ತಾಲ್ಲೂಕು, ಹಳೆಯ ಬೋರ್‌ವೆಲ್ಲು

ದೊಡ್ಡಬಸವೇಶ್ವರನ ಕುರುಗೋಡು ಈಗ ತಾಲ್ಲೂಕು ಕೇಂದ್ರ. ತಾಲ್ಲೂಕಿನ ಹೆಸರು ಬಂದಷ್ಟು ಬೇಗ ತಜ್ಞ ವೈದ್ಯರು ಬರುವುದಿಲ್ಲ. ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1 ಲಕ್ಷ 20 ಸಾವಿರ ಜನರಿಗೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಸಮುದಾಯ ಕೇಂದ್ರದಲ್ಲಿ 30 ಹಾಸಿಗೆ, ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಇರಬೇಕು. ನಿಮ್ಮೂರಿನಲ್ಲಿ ಈ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂದು ಕೇಳಿ. ಇದನ್ನು ಕೇಳುವ ಹಕ್ಕು ನಿಮಗಿದೆ.

ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿಯೂ 1953ರವರೆಗೆ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ತೊಂದರೆಯಿಲ್ಲ. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕೂ ಮೀರಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಕೆಲವರಿಗೆ ಕಾಲು ಸೊಟ್ಟಗಾಗುತ್ತದೆ. ಒಮ್ಮೆ ಬಾಗಿದ ಮೂಳೆಯನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡುವುದಿಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ತಾಯಂದಿರು ತಿಳಿದಿರಬೇಕು. ನದಿಯ ನೀರನ್ನು ಶುದ್ಧಮಾಡಿ ಕೊಡುವುದು, ಇಲ್ಲವೇ ಶುದ್ಧ ನೀರಿನ ಘಟಕವನ್ನು ಕೆಡದಂತೆ ನೋಡಿಕೊಳ್ಳುವುದು, ಇವೆರಡೇ ಉಪಾಯ. ಮಂಡಿ ಮಡಚಲಾಗದ ಹುಡುಗನಿಗೆ ಕಬಡ್ಡಿ ಅಂಕಣ ಕಟ್ಟಿಕೊಟ್ಟು ಏನು ಮಾಡುವುದು?

ಹಣ ಇದೆಯೇ?

ಹಣವಿಲ್ಲ ಎಂಬ ಉತ್ತರ ನಮ್ಮ ಜಿಲ್ಲೆಗೆ ಅಷ್ಟಾಗಿ ಹೊಂದುವುದಿಲ್ಲ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ರಚನೆಯಾಯಿತು. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಅದರ ಶೇ 10 ಅಥವಾ ಶೇ 30ರಷ್ಟನ್ನು ಇದಕ್ಕೆ ಕಟ್ಟಬೇಕು. ಈ ನಿಧಿಯ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ನೈರ್ಮಲ್ಯ, ಪರಿಸರ ರಕ್ಷಣೆ, ಮಹಿಳೆ ಮತ್ತು ಮಕ್ಕಳ ಕಲ್ಯಾಣದಂಥ ಆದ್ಯತೆಯ ಕೆಲಸಗಳಿಗೇ ಹೋಗಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೊದಲು ಇದು ಕನಿಷ್ಠ ಶೇ 60 ಇತ್ತು, 2024ರಲ್ಲಿ ಶೇ 70 ಆಯಿತು. ಅಂದರೆ ಸರದಿಯನ್ನು ನಿಯಮವೇ ಗೊತ್ತುಮಾಡಿದೆ. ಅದು ಪಾಲನೆಯಾಗುತ್ತಿದೆಯೇ ಎಂದು ನೋಡಬೇಕಾದವರು ನಾವು. ನೀರು ಮತ್ತು ನೈರ್ಮಲ್ಯಕ್ಕೆ ಹಾಕಿದ ಒಂದು ರೂಪಾಯಿ ಆಸ್ಪತ್ರೆ ಖರ್ಚು, ಕೂಲಿ ನಷ್ಟ ತಪ್ಪಿಸಿ ಸುಮಾರು ನಾಲ್ಕು ರೂಪಾಯಿಯಾಗಿ ಮರಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಅಂದಾಜು ಮಾಡಿತ್ತು.

ಹಾಗಾದರೆ ಕ್ರೀಡಾಂಗಣ ಬೇಡವೇ?

ಬೇಡವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಓಟದ ಪಥ, ತರಬೇತುದಾರ, ಹುಡುಗಿಯರಿಗೆ ಸುರಕ್ಷಿತ ಜಾಗ ಇವು ನಮ್ಮ ಮಕ್ಕಳಿಗೂ ಸಿಗಬೇಕು. ಪೊಲೀಸ್ ಮತ್ತು ಸೇನಾ ಭರ್ತಿಗೆ ತಯಾರಾಗುವ ಹುಡುಗರು ಡಾಂಬರು ರಸ್ತೆಯಲ್ಲಿ ಓಡಿ ಮಂಡಿ ನೋಯಿಸಿಕೊಳ್ಳಬಾರದು. 2020ರ ಕೊರೊನಾ ಕಾಲದಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ಫುಟ್‌ಬಾಲ್ ಕ್ರೀಡಾಂಗಣವೇ ತಾತ್ಕಾಲಿಕ ಆಸ್ಪತ್ರೆಯಾಯಿತು. ಇದನ್ನೂ ಅದರ ಖಾತೆಗೆ ಜಮಾ ಮಾಡೋಣ.

ಆದರೆ ಯಾವುದೇ ಊರಿನಲ್ಲಿ ಹೊಸ ಕ್ರೀಡಾಂಗಣದ ಮಾತು ಬಂದಾಗ ವಾರ್ಡಿನ ಸದಸ್ಯರನ್ನೂ ಶಾಸಕರನ್ನೂ ಹೀಗೆ ಕೇಳಿ:

1. ಇದು ಕುಳಿತು ನೋಡುವವರಿಗೋ, ಆಡುವವರಿಗೋ? ಗ್ಯಾಲರಿಗೆ ಎಷ್ಟು ಹಣ, ಆಟದ ನೆಲಕ್ಕೆ ಎಷ್ಟು?

2. ಸಾಮಾನ್ಯರಿಗೆ ಬಾಗಿಲು ಬೆಳಿಗ್ಗೆ ಐದೂವರೆಗೆ ತೆರೆಯುತ್ತದೆಯೇ? ಹೆಂಗಸರಿಗೆ ಶೌಚಾಲಯ, ದೀಪ, ಕಾವಲು ಇವೆಯೇ?

3. ಅದೇ ಹಣದಲ್ಲಿ ಎಷ್ಟು ಬಡಾವಣೆಗಳಿಗೆ, ಹಳ್ಳಿಗಳಿಗೆ ಮೈದಾನ ಮಾಡಬಹುದು? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಇದ್ದ ಶಾಲೆಗಳ ಮೈದಾನವನ್ನು ಸಂಜೆ ಊರಿಗೆ ತೆರೆದಿಟ್ಟರೆ ಖರ್ಚೇ ಇಲ್ಲ.

4. ನೀರು, ಚರಂಡಿ, ಆಸ್ಪತ್ರೆಗೆ ಇಟ್ಟ ಹಣವನ್ನು ಇದಕ್ಕೆ ತಿರುಗಿಸುತ್ತಿಲ್ಲವಷ್ಟೆ?

5. ಹುಲ್ಲಿಗೆ ನೀರು, ದೀಪಕ್ಕೆ ಕರೆಂಟು, ಸಿಬ್ಬಂದಿಗೆ ಸಂಬಳ ಹತ್ತು ವರ್ಷ ಯಾರು ಕೊಡುತ್ತಾರೆ?

6. ಎಷ್ಟು ಜನ ಕೂರಬಹುದು ಎನ್ನುವುದಕ್ಕಿಂತ ಮೊದಲು, ಎಷ್ಟು ಬಾಗಿಲು, ಎಷ್ಟು ಆಂಬುಲೆನ್ಸ್? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತುದನ್ನು ಮರೆಯಬಾರದು.

ಈ ಆರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಸಂತೋಷದಿಂದ ಕಟ್ಟಲಿ, ಉದ್ಘಾಟನೆಗೆ ನಾವೂ ಹೋಗೋಣ.

ಅಲ್ಲಿಯವರೆಗೆ ನಾವು ಮಾಡಬೇಕಾದುದು

ಕ್ರೀಡಾಂಗಣ ಬರಲಿ ಎಂದು ಕಾಯುತ್ತ ಕೂರಬೇಡಿ. ದಿನಕ್ಕೆ ಅರ್ಧ ಗಂಟೆ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದಲ್ಲಿ ನಡೆಯಿರಿ. ನಡೆದಾಗ ಎದೆ ಬಿಗಿಯುವವರು, ತಲೆ ಸುತ್ತುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಬೇಕು.

ನಮ್ಮೂರ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳ ಆಟ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದೂವರೆಯ ಮೇಲೆ ಇರಲಿ. ಆಡುವಾಗ ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಬಿಸಿಲ ಹೊಡೆತ. ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ನೀರಿನ ಡ್ರಮ್ಮಿಗೆ ಬಿಗಿಯಾದ ಮುಚ್ಚಳವಿರಲಿ. ವಾರಕ್ಕೊಮ್ಮೆ ಬರಿದುಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ, ಸೊಳ್ಳೆಯ ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ. ಬಹಳ ದಿನಗಳ ಮೇಲೆ ನಲ್ಲಿ ಬಂದಾಗ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ಹಳ್ಳಿಯವರು ತಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಲಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸುವಂತೆ ಕೇಳಲಿ.

ಮನೆ ಕಟ್ಟುವಾಗ ನಾವು ಮೊದಲು ಬಾವಿ ತೋಡಿಸುತ್ತಿದ್ದೆವು, ಆಮೇಲೆ ಗೋಡೆ, ಕೊನೆಗೆ ಜಗುಲಿ. ಜಗುಲಿ ಇಲ್ಲದ ಮನೆಗೆ ಕಳೆಯಿಲ್ಲ, ನಿಜ. ಆದರೆ ಬಾವಿಯಿಲ್ಲದೆ ಜಗುಲಿ ಕಟ್ಟಿದವರನ್ನು ನಮ್ಮ ಹಿರಿಯರು ಜಾಣರೆನ್ನುತ್ತಿರಲಿಲ್ಲ. ಊರಿಗೂ ಅದೇ ಮಾತು.